ಅಪ್ಪನ ಲಾರಿ ಗೇಮ್ ಮತ್ತೆ ಸಲೀಸಾಗಿ ಓಡಿಸಿಕೊಟ್ಟ ಕಲಬುರಗಿಯ ರಿಪೇರಿ ಅಂಗಡಿ

ಹಳೆ ಕಂಪ್ಯೂಟರ್‌ನಲ್ಲಿ ಗೇಮ್ ಲ್ಯಾಗ್ ಆಗುತ್ತಿದೆ, ನಿಂತು ನಿಂತು ಓಡುತ್ತಿದೆ ಅಂತ ಹೊಸದಕ್ಕೆ ದುಡ್ಡು ಹೊಂದಿಸುತ್ತಿರುವವರು ಕಲಬುರಗಿಯಲ್ಲಿ ಯಾರಾದರೂ ಇದ್ದರೆ ಸ್ವಲ್ಪ ತಡೆಯಿರಿ. ಸೂಪರ್ ಮಾರ್ಕೆಟ್ ಏರಿಯಾದಲ್ಲಿ ಒಂದು ಕಟ್ಟಡದ ಮೊದಲ ಮಹಡಿಯಲ್ಲಿ ಸಣ್ಣ ರಿಪೇರಿ ಅಂಗಡಿ ಇದೆ. ಅಲ್ಲಿ ಮೊದಲು ಚೆಕ್ ಮಾಡುತ್ತಾರೆ. ಆಮೇಲೆ ಏನು ಬೇಕು ಅಂತ ಹೇಳುತ್ತಾರೆ, ಏನು ಬೇಡ ಅಂತಲೂ ಹೇಳುತ್ತಾರೆ. ನಮಗೆ ಬೇಡ ಅಂದಿದ್ದೇ ಜಾಸ್ತಿ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಅಂಗಡಿಯ ಹೆಸರು ಹಾಕುತ್ತಿಲ್ಲ. ಕೇಳಿದ್ದೆ, ಅವರೇ ಬೇಡ ಅಂದರು. ಕೆಲಸ ಮಾಡುವವರು ಒಬ್ಬರೇ, ಮೇಜಿನ ತುಂಬ ಆಗಲೇ ಬಿಚ್ಚಿಟ್ಟ ಸಿಪಿಯುಗಳು. ಅಕ್ಕಪಕ್ಕದವರನ್ನು "ಗೇಮಿಂಗ್ ಪಿಸಿ ರಿಪೇರಿ ಮಾಡುವವರು ಎಲ್ಲಿ" ಅಂತ ಕೇಳಿದರೆ ತೋರಿಸುತ್ತಾರೆ.

ನಮ್ಮ ಮನೆಯಲ್ಲಿ ಗೇಮ್ ಆಡುವವರು ಅಪ್ಪ. ವರ್ಷಗಟ್ಟಲೆ ಲಾರಿ ಓಡಿಸಿದವರು. ವಾಡಿಯಿಂದ ಸಿಮೆಂಟ್ ತುಂಬಿಕೊಂಡು ಸೊಲ್ಲಾಪುರ, ಪುಣೆ, ಮುಂಬೈ. ಇಲ್ಲಾಂದ್ರೆ ಹುಮನಾಬಾದ್ ದಾಟಿ ಹೈದರಾಬಾದ್. ಈಗ ಮೊಣಕಾಲು ಬಿಡುವುದಿಲ್ಲ, ಕ್ಲಚ್ ತುಳಿಯೋಕೆ ಆಗಲ್ಲ. ನನ್ನ ತಮ್ಮ ಬೆಂಗಳೂರಿಗೆ ಕೆಲಸಕ್ಕೆ ಹೋಗುವಾಗ ತನ್ನ ಕಂಪ್ಯೂಟರ್ ಮನೆಯಲ್ಲೇ ಬಿಟ್ಟು, ಅದರಲ್ಲಿ ಯೂರೋ ಟ್ರಕ್ ಸಿಮ್ಯುಲೇಟರ್ 2 ಹಾಕಿಕೊಟ್ಟು ಹೋದ. ಚೆಕ್ ದೇಶದ ಎಸ್‌ಸಿಎಸ್ ಸಾಫ್ಟ್‌ವೇರ್ ಕಂಪನಿ 2012ರಲ್ಲಿ ಬಿಟ್ಟ ಗೇಮ್ ಅದು. ಲೋಡ್ ತಗೊಳ್ಳಬೇಕು, ಹೇಳಿದ ಊರಿಗೆ ಮುಟ್ಟಿಸಬೇಕು, ಡೀಸೆಲ್ ಹಾಕಿಸಬೇಕು, ನಿದ್ದೆ ಬಂದರೆ ನಿಲ್ಲಿಸಿ ಮಲಗಬೇಕು. ಅಪ್ಪನಿಗೆ ಅದು ಆಟ ಅಲ್ಲವೇ ಅಲ್ಲ, ಕೆಲಸ. ಅದರಲ್ಲೂ ಇಂಗ್ಲೆಂಡ್ ಕಡೆಯ ಲೋಡ್ ಸಿಕ್ಕರೆ ಖುಷಿ, ಯಾಕೆಂದರೆ ಅಲ್ಲಿ ನಮ್ಮ ಹಾಗೆ ರಸ್ತೆಯ ಎಡಗಡೆ ಓಡಿಸಬೇಕು.

ಮಷೀನ್ ಬಗ್ಗೆ ಹೇಳಿಬಿಡುತ್ತೇನೆ. ಯಾವುದೋ ಆಫೀಸಿನಿಂದ ಹೊರಬಿದ್ದ ಸೆಕೆಂಡ್ ಹ್ಯಾಂಡ್ ಟವರ್. ಇಂಟೆಲ್ ಐ5-3470 ಪ್ರೊಸೆಸರ್, ಇದೂ 2012ರದ್ದೇ. 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 10. ಚಿತ್ರ ಬಿಡಿಸೋಕೆ ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ, ಪ್ರೊಸೆಸರ್ ಒಳಗಿನ ಎಚ್‌ಡಿ 2500 ಗ್ರಾಫಿಕ್ಸ್ ಅಷ್ಟೇ.

ಚಳಿಗಾಲದಲ್ಲಿ ಹೇಗೋ ನಡೆಯುತ್ತಿತ್ತು. ಬೇಸಿಗೆ ಹತ್ತಿರ ಬಂದಂತೆ ಅಪ್ಪನ ದೂರು ಶುರುವಾಯಿತು. "ಗಾಡಿ ಝಟ್ಕಾ ಹೊಡಿಲಾಕತ್ತದ." ಹೈವೇ ಮೇಲೆ ಪರವಾಗಿಲ್ಲ, ಊರೊಳಗೆ ಬಂದರೆ ಚಿತ್ರ ನಿಂತು ನಿಂತು ಓಡುತ್ತಿತ್ತು. ಬ್ರೇಕ್ ಒತ್ತಿದ್ದು ಒಂದು ಕಡೆ, ಗಾಡಿ ನಿಂತದ್ದು ಇನ್ನೊಂದು ಕಡೆ. ಸಿಗ್ನಲ್ ಹತ್ತಿರ ಮುಂದಿನ ಕಾರಿಗೆ ಗುದ್ದಿ ದಂಡ ಬಿದ್ದಾಗ ಅವರ ಮುಖ ನೋಡೋಕಾಗಲಿಲ್ಲ. ಜೀವನದಲ್ಲಿ ಒಂದು ಆಕ್ಸಿಡೆಂಟ್ ಮಾಡದ ಮನುಷ್ಯ.

ನಾನು ಮೊದಲು ಒಯ್ದದ್ದು ಬೇರೆ ಅಂಗಡಿಗೆ. ಅಲ್ಲಿಯವರು ಕ್ಯಾಬಿನೆಟ್ ಮುಚ್ಚಳ ಕೂಡ ತೆಗೆಯಲಿಲ್ಲ. ಹಿಂದಿನ ಸ್ಟಿಕ್ಕರ್ ನೋಡಿ, "ಇದರಲ್ಲಿ ಗೇಮ್ ಆಡೋಕಾಗಲ್ಲ ಮೇಡಂ, ಹೊಸದು ತಗೊಳ್ಳಿ" ಅಂದು 48,000 ರೂಪಾಯಿಯ ಕೊಟೇಶನ್ ಬರೆದುಕೊಟ್ಟರು. ನಾನು ಲ್ಯಾಬ್ ಟೆಕ್ನಿಷಿಯನ್. ಟೆಸ್ಟ್ ಮಾಡದೆ ಬರೆದ ಯಾವುದನ್ನೂ ನಂಬುವುದಿಲ್ಲ. ಕೊಟೇಶನ್ ಮಡಚಿ ಪರ್ಸಿನಲ್ಲಿಟ್ಟುಕೊಂಡು ಬಂದೆ.

ಸೂಪರ್ ಮಾರ್ಕೆಟ್‌ನ ಈ ಅಂಗಡಿಯವರು ಮಾಡಿದ ಮೊದಲ ಕೆಲಸ ಅಪ್ಪನನ್ನು ಕೂರಿಸಿ ಮಾತಾಡಿಸಿದ್ದು. ನನ್ನನ್ನಲ್ಲ, ಆಡುವವರನ್ನು. "ಕಾಕಾ, ಚಾಲು ಮಾಡಿದ ಕೂಡ್ಲೇ ಹಿಂಗ್ ಆಗ್ತದೇನ್ರಿ, ಇಲ್ಲ ಸ್ವಲ್ಪ ಹೊತ್ತಾದ ಮ್ಯಾಗ?" ಅಪ್ಪ ಯೋಚನೆ ಮಾಡಿ ಹೇಳಿದರು. ಶುರುವಿಗೆ ಚಲೋ ಓಡ್ತದ, ಅರ್ಧ ತಾಸಿನೊಳಗೆ ಕೆಡ್ತದ. ಅಷ್ಟು ಸಾಕಾಯಿತು. "ಹಂಗಿದ್ರ ಮೊದಲ ಬಿಸಿ ನೋಡಮ್ರಿ" ಅಂದರು.

ಇದು ಎಲ್ಲರಿಗೂ ಉಪಯೋಗಕ್ಕೆ ಬರುವ ಮಾತು. ಗೇಮ್ ಮೊದಲಿನಿಂದಲೂ ನಿಧಾನ ಇದ್ದರೆ ಮಷೀನಿನ ಶಕ್ತಿ ಸಾಲುತ್ತಿಲ್ಲ ಅಂತ. ಚೆನ್ನಾಗಿ ಶುರುವಾಗಿ ಆಮೇಲೆ ಕೆಟ್ಟರೆ ಮೊದಲ ಅನುಮಾನ ಬಿಸಿಯ ಮೇಲೆ. ಪ್ರೊಸೆಸರ್ ಬಿಸಿ ನೂರು ಡಿಗ್ರಿ ಆಸುಪಾಸಿಗೆ ಹೋದರೆ ತನ್ನನ್ನು ಕಾಪಾಡಿಕೊಳ್ಳೋಕೆ ತಾನೇ ವೇಗ ಇಳಿಸಿಕೊಳ್ಳುತ್ತದೆ. ಅವರು ಎಚ್‌ಡಬ್ಲ್ಯುಇನ್ಫೋ ಅನ್ನುವ, ಬಿಸಿ ಮತ್ತು ವೇಗ ತೋರಿಸುವ ಸಾಫ್ಟ್‌ವೇರ್ ಹಾಕಿ, ಗೇಮ್ ಓಡಿಸಿ, ಪರದೆಯನ್ನು ನಮ್ಮ ಕಡೆ ತಿರುಗಿಸಿಟ್ಟರು. ಬಿಸಿ ಏರುತ್ತಾ ಹೋಯಿತು. ಗೇಮ್ ಓಡುವಾಗ 3.2 ಗಿಗಾಹರ್ಟ್ಸ್‌ಗಿಂತ ಕೆಳಗೆ ಬರಬಾರದ ಪ್ರೊಸೆಸರ್ ಕೊನೆಗೆ 1.6ಕ್ಕೆ ಬಂದು ಕೂತಿತು. ಅದೇ ಹೊತ್ತಿಗೆ ಗೇಮಿನ ಫ್ರೇಮ್ ಲೆಕ್ಕ, ಅಂದರೆ ಪರದೆಯ ಮೇಲೆ ಬಿಡಿಸುವ ಚಿತ್ರಗಳು, ಸೆಕೆಂಡಿಗೆ 15ರ ಹತ್ತಿರ. ನಾನು ಎರಡನ್ನೂ ಬರೆದಿಟ್ಟುಕೊಂಡೆ. ಹೊರಗೆ ಆವತ್ತು ಬಿಸಿಲು ನಲವತ್ತು ದಾಟಿತ್ತು. ಕಲಬುರಗಿಯ ಏಪ್ರಿಲ್, ಹೇಳಬೇಕೇ? ಕೋಣೆಯೇ ಅಷ್ಟು ಬಿಸಿ ಇದ್ದರೆ ಫ್ಯಾನ್ ಎಷ್ಟು ತಿರುಗಿದರೂ ಒಳಗೆ ಬೀಸುವುದು ಬಿಸಿಗಾಳಿಯೇ.

ಆಮೇಲೆ ಕ್ಯಾಬಿನೆಟ್ ತೆಗೆದರು. ಪ್ರೊಸೆಸರ್ ಮೇಲಿನ ಫ್ಯಾನ್ ಬಿಚ್ಚಿದಾಗ ಅದರ ಕೆಳಗಿನ ಅಲ್ಯೂಮಿನಿಯಂ ರೆಕ್ಕೆಗಳು ಕಾಣಿಸಲೇ ಇಲ್ಲ. ಮೇಲೆ ಬೂದು ಬಣ್ಣದ ಧೂಳು ಹೆಪ್ಪುಗಟ್ಟಿತ್ತು. ಚಿಮಟ ಹಾಕಿ ಒಂದು ಮೂಲೆ ಎತ್ತಿದರು, ಇಡೀ ಪದರ ಒಂದೇ ಹಾಳೆಯಾಗಿ ಎದ್ದು ಬಂತು. ನಡುವೆ ಹಳದಿ ಹಳದಿ ಚೂರು. ತೊಗರಿ ಹೊಟ್ಟು! ನಮ್ಮ ಮನೆಯ ಹಿಂದೆ ದಾಲ್ ಮಿಲ್ ಇದೆ. ಅಪ್ಪ ಬಗ್ಗಿ ನೋಡಿ, "ರೇಡಿಯೇಟರ್ ಕಟ್ಕೊಂಡದ ಬಿಡು ತಮ್ಮಾ" ಅಂದರು. ಅಲ್ಲಿಂದ ಮುಂದೆ ಅವರಿಬ್ಬರ ನಡುವೆ ನಾನು ಬೇಕಾಗಲಿಲ್ಲ.

ಪ್ರೊಸೆಸರ್ ಮೇಲಿನ ಥರ್ಮಲ್ ಪೇಸ್ಟ್ ಒಣಗಿ ಪುಡಿಯಾಗಿತ್ತು. ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಿಂದ ಒರೆಸಿದರು. ಆ ವಾಸನೆ ನನಗೆ ದಿನಾ ಪರಿಚಯದ್ದು, ಹಾಗಾಗಿ ಕೇಳುವ ಮೊದಲೇ ಗೊತ್ತಾಯಿತು. ಹೊಸ ಪೇಸ್ಟ್ ನಡುಮಧ್ಯೆ ಒಂದು ತೊಗರಿಕಾಳಿನಷ್ಟು, ಅದಕ್ಕಿಂತ ಜಾಸ್ತಿ ಇಲ್ಲ. ಜಾಸ್ತಿ ಹಾಕಿದರೆ ಜಾಸ್ತಿ ತಂಪು ಅನ್ನೋದು ಸುಳ್ಳು. ಪೇಸ್ಟ್ ಇರುವುದು ಎರಡು ಲೋಹಗಳ ನಡುವಿನ ಸಣ್ಣ ಸಂದು ತುಂಬೋಕೆ ಅಷ್ಟೇ. ನಾಲ್ಕು ಸ್ಕ್ರೂಗಳನ್ನು ಎದುರುಬದುರು ಮೂಲೆಗಳಲ್ಲಿ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿದರು, ಒಂದೇ ಕಡೆ ಭಾರ ಬೀಳದ ಹಾಗೆ. ಮತ್ತೆ ಅದೇ ಗೇಮ್, ಅದೇ ಊರು. ಬಿಸಿ 70 ಡಿಗ್ರಿ ದಾಟಲಿಲ್ಲ. ವೇಗ ಇಳಿಯಲಿಲ್ಲ. ಇಷ್ಟಕ್ಕೆ ತಗೊಂಡಿದ್ದು 400 ರೂಪಾಯಿ.

ಅವತ್ತೇ ಗ್ರಾಫಿಕ್ಸ್ ಕಾರ್ಡ್ ಕೂಡ ಹಾಕಿಕೊಡಿ ಅಂತ ನಾನು ಕೇಳಿದೆ. ಕೊಡಲಿಲ್ಲ. "ಮೊದಲ ರ‍್ಯಾಮ್ ಒಂದು ಹಾಕ್ತೀನ್ರಿ. ಕಾಕಾ ನಾಕ್ ದಿನ ಆಡ್ಲಿ. ಸಾಲಲಿಲ್ಲಂದ್ರ ಕಾರ್ಡ್ ನೋಡಮು." ಮಾರುವ ಅವಕಾಶ ಇದ್ದರೂ ಇವತ್ತು ಬೇಡ ಅನ್ನುವ ಅಂಗಡಿಯವರನ್ನು ನಾನು ಬೇರೆಲ್ಲೂ ಕಂಡಿಲ್ಲ.

ರ‍್ಯಾಮ್ ಯಾಕೆ ಅಂತ ಅವರು ಕೊಟ್ಟ ಕಾರಣ ನನಗೆ ತುಂಬ ಇಷ್ಟವಾಯಿತು. ಬೇರೆ ಕಾರ್ಡ್ ಇಲ್ಲದ ಮಷೀನಿನಲ್ಲಿ ಚಿತ್ರ ಬಿಡಿಸುವ ಕೆಲಸಕ್ಕೂ ಇದೇ ರ‍್ಯಾಮ್ ಬಳಕೆಯಾಗುತ್ತದೆ. ಒಂದೇ ಕಡ್ಡಿ (ರ‍್ಯಾಮ್ ಸ್ಟಿಕ್) ಇದ್ದರೆ ಒಂದೇ ದಾರಿ. ಅದೇ ವೇಗದ ಇನ್ನೊಂದು ಕಡ್ಡಿಯನ್ನು ಸರಿಯಾದ ಸ್ಲಾಟಿಗೆ ಹಾಕಿದರೆ ಎರಡು ದಾರಿ ತೆರೆಯುತ್ತದೆ, ಅದನ್ನೇ ಡ್ಯುಯಲ್ ಚಾನೆಲ್ ಅನ್ನೋದು. ನಮ್ಮ ಡಿಡಿಆರ್3 1600 ಬಗೆಯ ರ‍್ಯಾಮಿನಲ್ಲಿ ಸೆಕೆಂಡಿಗೆ 12.8 ಜಿಬಿ ಇದ್ದದ್ದು 25.6 ಜಿಬಿ ಆಗುತ್ತದೆ. 4 ಜಿಬಿಯ ಹಳೆ ಕಡ್ಡಿ ಒಂದು, ಬೆಲೆ 500 ರೂಪಾಯಿ.

ಸೆಟ್ಟಿಂಗ್ ಕೂಡ ಅಲ್ಲೇ ಕೂತು ಮಾಡಿಕೊಟ್ಟರು. ಈ ಗೇಮ್ ಆಡುವವರು ಗಮನಿಸಿ. ಇದರಲ್ಲಿ ಸ್ಕೇಲಿಂಗ್ ಅಂತ ಒಂದಿದೆ. ಅದನ್ನು 100ಕ್ಕಿಂತ ಮೇಲೆ ಇಟ್ಟರೆ ಗೇಮ್ ನಿಮ್ಮ ಪರದೆಗಿಂತ ದೊಡ್ಡ ಚಿತ್ರ ಬಿಡಿಸಿ, ಆಮೇಲೆ ಕುಗ್ಗಿಸಿ ತೋರಿಸುತ್ತದೆ. ಅಂಚುಗಳು ನುಣುಪಾಗಿ ಕಾಣುತ್ತವೆ, ಆದರೆ ಹಳೆ ಮಷೀನಿಗೆ ಆ ಭಾರ ತಡೆಯೋಕಾಗಲ್ಲ. ನಮ್ಮದು 200ಕ್ಕೆ ಇತ್ತು, 100ಕ್ಕೆ ತಂದರು. ನೆರಳು ಕಡಿಮೆ, ಗಿಡಮರ ಕಡಿಮೆ. ಕೊನೆಗೆ ಕನ್ನಡಿಗೆ ಬಂದರು.

ಲಾರಿಯ ಸೈಡ್ ಮಿರರ್ ಒಳಗೆ ಹಿಂದಿನ ರಸ್ತೆ ಕಾಣಬೇಕಾದರೆ ಕಂಪ್ಯೂಟರ್ ಆ ರಸ್ತೆಯನ್ನು ಇನ್ನೊಂದು ಸಲ ಬಿಡಿಸಬೇಕು. ಕನ್ನಡಿ ಎಷ್ಟಿದ್ದರೆ ಅಷ್ಟು ಸಲ. ಪ್ರೊಸೆಸರ್‌ಗೂ ಇದು ಭಾರ, ಅದಕ್ಕೇ ಊರೊಳಗೆ ಜಾಸ್ತಿ ತಡವರಿಸೋದು. ಕನ್ನಡಿ ಕಡಿಮೆ ಮಾಡಿದರೆ ತಕ್ಷಣ ಗೇಮ್ ಹಗುರವಾಗುತ್ತದೆ. ಅವರು ಮೌಸ್ ಆ ಕಡೆ ಒಯ್ದರು. ಅಪ್ಪ ಅವರ ಕೈ ಹಿಡಿದರು. "ಕನ್ನಡಿ ಮುಟ್ಟಬ್ಯಾಡ ತಮ್ಮಾ. ಕನ್ನಡಿ ಇಲ್ದ ರಿವರ್ಸ್ ಹ್ಯಾಂಗ್ ತಗೀಲಿ?"

ಅವರು ನಗಲಿಲ್ಲ, ವಾದ ಮಾಡಲಿಲ್ಲ. ಕನ್ನಡಿಯನ್ನು ಹಾಗೇ ಬಿಟ್ಟು, ಅದರಲ್ಲಿ ಎಷ್ಟು ದೂರದವರೆಗೆ ಕಾಣಬೇಕು ಅನ್ನೋದನ್ನು ಮಾತ್ರ ಸ್ವಲ್ಪ ಇಳಿಸಿದರು. ಬದಲಿಗೆ ರಸ್ತೆಬದಿಯ ಹುಲ್ಲು, ನೀರಿನ ಹೊಳಪು ಇನ್ನೂ ತೆಗೆದರು. ಯಾರಿಗೆ ಯಾವುದು ಮುಖ್ಯ ಅಂತ ಕೇಳಿಕೊಂಡು ಸೆಟ್ಟಿಂಗ್ ಮಾಡಬೇಕು ಅನ್ನೋದು ನನಗೆ ಅಲ್ಲಿ ಗೊತ್ತಾಯಿತು. ಇಂಟರ್‌ನೆಟ್‌ನಲ್ಲಿ ಸಿಗುವ ಪಟ್ಟಿಗಳು ಹಾಗೆ ಕೇಳುವುದಿಲ್ಲ.

ಇನ್ನೊಂದು ಕೆಲಸ, ಫ್ರೇಮ್ ಲೆಕ್ಕವನ್ನು 30ಕ್ಕೆ ಕಟ್ಟಿಹಾಕಿದರು. 45ಕ್ಕೆ ಹಾರಿ 22ಕ್ಕೆ ಬೀಳುವುದಕ್ಕಿಂತ ಒಂದೇ ಸಮ 30 ಇದ್ದರೆ ಕಣ್ಣಿಗೂ ಕೈಗೂ ಹಿತ. 30 ಅಂದರೆ ಒಂದೊಂದು ಚಿತ್ರಕ್ಕೂ 33 ಮಿಲಿಸೆಕೆಂಡ್, ಎಲ್ಲಕ್ಕೂ ಅಷ್ಟೇ. ಬ್ರೇಕ್ ಒತ್ತಿದ ಮೇಲೆ ಗಾಡಿ ಯಾವಾಗ ನಿಲ್ಲುತ್ತೆ ಅಂತ ಅಪ್ಪನಿಗೆ ಅಂದಾಜು ಸಿಗತೊಡಗಿತು.

ಗೇಮ್ ಬೂಸ್ಟರ್, ರಿಜಿಸ್ಟ್ರಿ ಕ್ಲೀನರ್ ಅಂತ ನನ್ನ ತಮ್ಮ ಹಾಕಿಟ್ಟಿದ್ದ ಸಾಫ್ಟ್‌ವೇರ್‌ಗಳನ್ನೆಲ್ಲ ಅವರು ಅಳಿಸಿಹಾಕಿದರು. ಪವರ್ ಸೇವರ್‌ನಲ್ಲಿ ಇದ್ದದ್ದನ್ನು ಹೈ ಪರ್ಫಾರ್ಮೆನ್ಸ್‌ಗೆ ಹಾಕಿದರು.

ಹಲವು ದಿನ ಅಪ್ಪ ಹಾಗೇ ಆಡಿದರು. ಹೈವೇ ಸಲೀಸು. ದೊಡ್ಡ ಊರಲ್ಲಿ, ಮಳೆ ಬಂದಾಗ, ರಾತ್ರಿ ಲೈಟ್ ಹಾಕಿದಾಗ ಇನ್ನೂ ಸ್ವಲ್ಪ ತಡವರಿಕೆ ಇತ್ತು. ಆಗ ಕಾರ್ಡ್ ವಿಷಯಕ್ಕೆ ಹೋದೆವು.

ಇಲ್ಲಿ ಅವರು ತಿಳಿಸಿದ್ದನ್ನು ವಿವರವಾಗಿ ಬರೆಯುತ್ತೇನೆ, ಯಾಕೆಂದರೆ ಹಳೆ ಮಷೀನ್ ಇರುವವರ ದುಡ್ಡು ಹೋಗುವುದು ಇಲ್ಲೇ. ಆಫೀಸ್ ಟವರ್‌ಗಳ ಪವರ್ ಸಪ್ಲೈ ಸಣ್ಣದು, ಕಾರ್ಡಿಗೆ ಬೇರೆ ಕರೆಂಟ್ ಕೊಡುವ ಆರು ಪಿನ್ನಿನ ವೈರು ಬಹಳಷ್ಟರಲ್ಲಿ ಇರುವುದಿಲ್ಲ. ಮದರ್‌ಬೋರ್ಡಿನ ಸ್ಲಾಟಿನಿಂದ ಸಿಗುವ 75 ವ್ಯಾಟಿನಲ್ಲೇ ಓಡುವ ಕಾರ್ಡ್ ಬೇಕು. ನಾನು ಫೋನಿನಲ್ಲಿ ಜಿಟಿ 710 ಅನ್ನುವ ಕಾರ್ಡ್ ತೋರಿಸಿ, ಹೊಸದು, 2 ಜಿಬಿ, ಅಗ್ಗ, ಇದೇ ಸಾಕಲ್ವಾ ಅಂತ ಕೇಳಿದೆ. ಅವರು ಬೇಡ ಅಂತ ತಲೆ ಆಡಿಸಿದರು. ಅದರ ಡಿಡಿಆರ್3 ಮೆಮೊರಿಯ ವೇಗ ಸೆಕೆಂಡಿಗೆ 14.4 ಜಿಬಿ. ನಮ್ಮ ಮಷೀನಿನ ರ‍್ಯಾಮ್ ಈಗಲೇ 25.6 ಕೊಡುತ್ತಿದೆ. ಮೇಲೆ, ಆ ಕಾರ್ಡಿನ ಕೆಪ್ಲರ್ ಪೀಳಿಗೆಗೆ ತಯಾರಕ ಕಂಪನಿ ಎನ್ವಿಡಿಯಾ 2021ರಲ್ಲೇ ಹೊಸ ಗೇಮ್ ಡ್ರೈವರ್ (ಕಾರ್ಡ್ ನಡೆಸುವ ಸಾಫ್ಟ್‌ವೇರ್) ನಿಲ್ಲಿಸಿದೆ. ಡಬ್ಬಿಯ ಮೇಲಿನ ಜಿಬಿ ನೋಡಿ ಕಾರ್ಡ್ ತಗೋಬೇಡಿ ಅನ್ನೋದು ಅವರ ಮಾತು. ಜಿಟಿ 1030 ಕೂಡ ಹಾಗೇ, ಒಂದೇ ಹೆಸರಿನಲ್ಲಿ ಎರಡು ಬಗೆ ಬಂದಿವೆ. ಜಿಡಿಡಿಆರ್5 ಮೆಮೊರಿ ಇರುವುದರ ವೇಗ ಸೆಕೆಂಡಿಗೆ 48 ಜಿಬಿ, ಡಿಡಿಆರ್4 ಇರುವುದರದ್ದು ಅದರ ಅರ್ಧವೂ ಇಲ್ಲ, 16.8. ಕೊಳ್ಳುವಾಗ ಆ ಸಣ್ಣ ಅಕ್ಷರ ಓದಲೇಬೇಕು.

ಕೊನೆಗೆ ತಗೊಂಡಿದ್ದು ಸೆಕೆಂಡ್ ಹ್ಯಾಂಡ್ ಜಿಟಿಎಕ್ಸ್ 1050 ಟಿಐ, 4 ಜಿಬಿ, ಬೇರೆ ವೈರು ಬೇಡದ್ದು. 5,500 ರೂಪಾಯಿ. ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರ್‌ನಿಂದ ತರಿಸಿದರು. ಒಬ್ಬ ಗಿರಾಕಿಯ ಜೊತೆ ಕನ್ನಡ, ಇನ್ನೊಬ್ಬರ ಜೊತೆ ದಖನಿ, ಫೋನಿನಲ್ಲಿ ಅಲ್ಲಿಯವರ ಜೊತೆ ತೆಲುಗು, ಎಲ್ಲ ಒಂದೇ ಉಸಿರಿನಲ್ಲಿ ನಡೆಯುತ್ತಿತ್ತು. ಕಾರ್ಡ್ ಬಂದ ಮೇಲೆ ನಮ್ಮನ್ನು ಕರೆಸಿ, ನಮ್ಮ ಮುಂದೆಯೇ ಕಾರ್ಡಿನ ವಿವರ ಹೇಳುವ ಜಿಪಿಯು-ಝಡ್ ಸಾಫ್ಟ್‌ವೇರ್ ತೆರೆದು ತೋರಿಸಿದರು. ಶೇಡರ್ (ಚಿತ್ರದ ಲೆಕ್ಕ ಮಾಡುವ ಘಟಕ) 768 ಇರಬೇಕು, ಮೆಮೊರಿ ಜಿಡಿಡಿಆರ್5 ಇರಬೇಕು. ಹಳೆಯ ಬೇರೆ ಕಾರ್ಡಿನ ಬಯೋಸ್ (ಒಳಗೇ ಇರುವ ಸಾಫ್ಟ್‌ವೇರ್) ತಿದ್ದಿ 1050 ಟಿಐ ಅಂತ ಮಾರುವ ದಂಧೆ ಇದೆ. ಅಂಥದ್ದನ್ನು ಈ ಸಾಫ್ಟ್‌ವೇರ್ ಗುರುತಿಸಿ ಹೆಸರಿನ ಮುಂದೆಯೇ ನಕಲಿ ಅಂತ ತೋರಿಸುತ್ತದೆ. ಆಮೇಲೆ ಅರ್ಧ ತಾಸು ಲೋಡ್ ಟೆಸ್ಟ್. ಒಂದು ವಾರದೊಳಗೆ ಏನಾದರೂ ಆದರೆ ದುಡ್ಡು ವಾಪಸ್ ಅಂತ ಚೀಟಿ ಮೇಲೆ ಬರೆದುಕೊಟ್ಟರು.

ಈಗ ಬೇಸರದ ವಿಷಯ. ಕಾರ್ಡ್ ಹಾಕಿಸಿ ಆಟೋದಲ್ಲಿ ಮನೆಗೆ ತಂದೆವು. ನಮ್ಮ ಮಾನಿಟರ್ ಹಳೆಯದು, ಹಿಂದೆ ಹಳೆ ಕಾಲದ ವಿಜಿಎ ಕನೆಕ್ಟರ್ ಮಾತ್ರ ಇದೆ. ಈ ಕಾರ್ಡಿನಲ್ಲಿ ವಿಜಿಎ ಇಲ್ಲವೇ ಇಲ್ಲ. ಎಚ್‌ಡಿಎಂಐನಿಂದ ವಿಜಿಎಗೆ ಬದಲಿಸುವ ಅಡಾಪ್ಟರ್ ಬೇಕಂತೆ. ಇಷ್ಟೆಲ್ಲ ಪರೀಕ್ಷೆ ಮಾಡಿದವರು ಮಾನಿಟರ್ ಯಾವುದು ಅಂತ ಒಂದು ಮಾತು ಕೇಳಬೇಕಿತ್ತು. ಮರುದಿನ ಡ್ಯೂಟಿ ಮುಗಿಸಿ ಮತ್ತೆ ಹೋಗಿ 350 ರೂಪಾಯಿ ಕೊಟ್ಟು ತಂದೆ. ತಪ್ಪು ಒಪ್ಪಿಕೊಂಡರು, ಆದರೆ ದುಡ್ಡು ಬಿಡಲಿಲ್ಲ. ಅಪ್ಪ ಒಂದು ರಾತ್ರಿ ಕಪ್ಪು ಪರದೆ ಮುಂದೆ ಕೂತದ್ದು ನನಗೆ ಇನ್ನೂ ಬೇಜಾರು.

ಕಾರ್ಡ್ ಹಾಕಿದ ಮೇಲೆ 1366×768 ಪರದೆಯಲ್ಲಿ ಗೇಮ್ ಸೆಕೆಂಡಿಗೆ 60 ಫ್ರೇಮಿನಲ್ಲಿ ಓಡುತ್ತಿದೆ. ಗಿಡಮರ, ನೆರಳು ಎಲ್ಲ ವಾಪಸ್ ಬಂದಿವೆ. ದೊಡ್ಡ ಊರಿನ ನಡುವೆ 45ರವರೆಗೆ ಇಳಿಯುತ್ತದೆ. ಅದು ಪ್ರೊಸೆಸರ್ ಮಿತಿ, ಇನ್ನೂ ದೊಡ್ಡ ಕಾರ್ಡ್ ಹಾಕಿದರೂ ಏರಲ್ಲ ಅಂತ ಅವರು ಮೊದಲೇ ಹೇಳಿದ್ದರು. ಕನ್ನಡಿ ಈಗ ಪೂರ್ತಿ ದೂರದವರೆಗೆ.

ಹಾರ್ಡ್ ಡಿಸ್ಕಿಗಿಂತ ವೇಗದ ಎಸ್‌ಎಸ್‌ಡಿಯನ್ನೂ ಹಾಕಿಸಿದೆವು, ಅದರ ಬಗ್ಗೆ ಎರಡು ಮಾತು. 240 ಜಿಬಿ, 1,700 ರೂಪಾಯಿ. ಇದರಿಂದ ಫ್ರೇಮ್ ಏರಲ್ಲ ಅಂತ ಸ್ಪಷ್ಟವಾಗಿ ಹೇಳಿಯೇ ಹಾಕಿದರು. ಕಂಪ್ಯೂಟರ್ ಬೇಗ ಚಾಲು ಆಗುತ್ತದೆ, ಹೊಸ ಊರು ಲೋಡ್ ಆಗುವಾಗಿನ ತಡೆ ಕಡಿಮೆ ಆಗುತ್ತದೆ, ಅಷ್ಟೇ. ಆದರೆ ವಿಂಡೋಸ್ ಹೊಸದಾಗಿ ಹಾಕುವ ಮೊದಲು ಅವರು ಕೇಳಿದ ಪ್ರಶ್ನೆಗೆ ನಾನು ಋಣಿ. "ಕಾಕಾನ ಕಂಪನಿ ಎಲ್ಲದರಿ?" ಈ ಗೇಮಿನಲ್ಲಿ ಆಡುವವರ ಸ್ವಂತ ಟ್ರಾನ್ಸ್‌ಪೋರ್ಟ್ ಕಂಪನಿ ಇರುತ್ತದೆ. ಗ್ಯಾರೇಜು, ಲಾರಿಗಳು, ಕೆಲಸಕ್ಕಿಟ್ಟುಕೊಂಡ ಡ್ರೈವರ್‌ಗಳು, ಬ್ಯಾಂಕ್ ಸಾಲ, ಎಲ್ಲ. ಅದು ಡಾಕ್ಯುಮೆಂಟ್ಸ್ ಫೋಲ್ಡರಿನೊಳಗೆ ಗೇಮಿನ ಹೆಸರಿನ ಫೋಲ್ಡರಿನಲ್ಲಿ ಇರುತ್ತದೆ. ಅದನ್ನು ಮೊದಲು ಪೆನ್ ಡ್ರೈವಿಗೆ ಕಾಪಿ ಮಾಡಿ, ಆಮೇಲೆ ಉಳಿದ ಕೆಲಸಕ್ಕೆ ಕೈ ಹಾಕಿದರು. ಅಪ್ಪ ಜೀವಮಾನವೆಲ್ಲ ಬೇರೆಯವರ ಲಾರಿ ಓಡಿಸಿದವರು. ಸ್ವಂತ ಗಾಡಿಗಳು ಇರುವುದು ಆ ಫೋಲ್ಡರಿನಲ್ಲಿ ಮಾತ್ರ.

ಒಟ್ಟು ಖರ್ಚು 8,450 ರೂಪಾಯಿ.

ವಿಂಡೋಸ್ ವಿಷಯದಲ್ಲಿ ಒಂದು ಎಚ್ಚರಿಕೆ. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ 10ರ ಬೆಂಬಲ ನಿಲ್ಲಿಸಿದೆ, ಅಂದರೆ ಸುರಕ್ಷತೆಯ ಮಾಮೂಲಿ ಅಪ್‌ಡೇಟ್ ಇಲ್ಲ. ವಿಂಡೋಸ್ 11 ಅಧಿಕೃತವಾಗಿ ಹಾಕಬೇಕಾದರೆ ಇಂಟೆಲ್‌ನಲ್ಲಿ ಎಂಟನೇ ಪೀಳಿಗೆ ಅಥವಾ ಆಮೇಲಿನ ಪ್ರೊಸೆಸರ್, ಟಿಪಿಎಂ 2.0 ಅನ್ನುವ ಸುರಕ್ಷತಾ ವ್ಯವಸ್ಥೆ ಬೇಕು. ನಮ್ಮದು ಮೂರನೇ ಪೀಳಿಗೆ. ಈ ಮಷೀನಿನಲ್ಲಿ ಬ್ಯಾಂಕ್ ಕೆಲಸ ಮಾಡಬೇಡಿ, ಆಟಕ್ಕೆ ಮಾತ್ರ ಇಟ್ಟುಕೊಳ್ಳಿ ಅಂತ ಅವರೇ ಹೇಳಿದರು.

ಅಂಗಡಿಯ ಕೊರತೆಗಳೂ ಇವೆ. ಫೋನ್ ಎತ್ತುವುದು ಅಪರೂಪ. ನಾಳೆ ಅಂದರೆ ನಾಳಿದ್ದು ಅಂತ ತಿಳಿದುಕೊಳ್ಳಿ. ಬಿಲ್ ಕೇಳಿದರೆ ಮಾತ್ರ ಕೊಡುತ್ತಾರೆ, ಕೇಳಲೇಬೇಕು. ಲಿಫ್ಟ್ ಇಲ್ಲ, ಮೆಟ್ಟಿಲು ಕಡಿದು. ಅಪ್ಪನ ಮೊಣಕಾಲು ನೋಡಿ ಎರಡನೇ ಸಲ ಅವರೇ ಕೆಳಗೆ ಬಂದು ಸಿಪಿಯು ಎತ್ತಿಕೊಂಡು ಹೋದರು, ಅದು ಬೇರೆ. ಲ್ಯಾಪ್‌ಟಾಪ್ ಬೋರ್ಡಿನ ಸೋಲ್ಡರಿಂಗ್ ಕೆಲಸ ಅವರು ಮಾಡುವುದಿಲ್ಲ, ಅದಕ್ಕೆ ಹೋಗಿ ಸುಮ್ನೆ ಕಾಯಬೇಡಿ.

ಶುಕ್ರವಾರ ಮಧ್ಯಾಹ್ನ ನಮಾಜಿನ ಹೊತ್ತಿಗೆ ಅಂಗಡಿ ಮುಚ್ಚಿರುತ್ತದೆ. ಸಂಜೆ ಆರರ ಮೇಲೆ ಹೋದರೆ ರಶ್. ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ ಹೋದರೆ ಕೂತು ಮಾತಾಡೋಕೆ ಪುರುಸೊತ್ತು ಸಿಗುತ್ತದೆ. ಸಿಪಿಯು ಜೊತೆ ಮಾನಿಟರ್ ಹಿಂಭಾಗದ ಒಂದು ಫೋಟೋ ತೆಗೆದುಕೊಂಡು ಹೋಗಿ. ಆಡುವವರು ಮನೆಯಲ್ಲಿ ಯಾರೋ ಅವರನ್ನೂ ಕರೆದುಕೊಂಡು ಹೋಗಿ, ಅಂಗಡಿಯವರು ಕೇಳುವ ಪ್ರಶ್ನೆಗಳಿಗೆ ಉತ್ತರ ಗೊತ್ತಿರೋದು ಆಡುವವರಿಗೇ.